ದೊಡ್ಡಪ್ಪನ ಗ್ಯಾರೇಜಿನ ಈಶಾನ್ಯ ಮೂಲೆ

ಇದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂಬುದು ನನಗೇ ಖಚಿತವಿಲ್ಲ. ಹೋದ ತಿಂಗಳು ಟ್ರಂಕಿನ ತಳದಲ್ಲಿ ಗೀರು ಬಿದ್ದ ಒಂದು ಸಿ.ಡಿ. ಸಿಕ್ಕಿತು. ಮನೆ ಕಟ್ಟಿ, ಅದರೊಳಗೆ ಗೊಂಬೆಮನುಷ್ಯರನ್ನು ಇಟ್ಟು ಬಾಳಿಸುವ ಕಂಪ್ಯೂಟರ್ ಆಟ. ಕೈಗೆತ್ತಿಕೊಂಡೊಡನೆ ಎದುರುಮನೆ ದೊಡ್ಡಪ್ಪನ ಬೀಡಿ ವಾಸನೆ ಬಂದಂತಾಯಿತು...

ನಮ್ಮ ಕಡೆ ವಿಮಾನಗಳು ಇಳಿಯಲು ಶುರುವಾಗಿದ್ದ ಕಾಲ. ನಾನು ಎಂ.ಎಸ್ಸಿ. ಓದುತ್ತಿದ್ದೆ, ರಜೆಗೆ ನಮ್ಮೂರು ಆವತಿಗೆ ಬಂದಿದ್ದೆ. ದೊಡ್ಡಪ್ಪನ ಮಗ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಿದ್ದ. ಹಳೇ ಮನೆ ಕೆಡವಿದ ಜಾಗದಲ್ಲಿ ಹೊಸ ಮನೆ, ಅದರಡಿ ನೆಲಮಾಳಿಗೆಯಲ್ಲಿ ಗ್ಯಾರೇಜು ಎಂದು ಹಟ ಹಿಡಿದಿದ್ದ. ಸೋಮವಾರ ಜೆಸಿಬಿ ಬರುವುದಿತ್ತು. ಭಾನುವಾರ ಮಧ್ಯಾಹ್ನ ದೊಡ್ಡಪ್ಪ ನಮ್ಮಲ್ಲಿಗೆ ಬಂದರು.

"ಆ ಡಬ್ಬಿಲಿ ಮನೆ ಕಟ್ತೀಯಂತಲ್ಲಪ್ಪಾ. ನಮ್ದೂ ಒಂದು ಕಟ್ಟು, ಎಂಗ್ ಕಾಣ್ತದೋ ನೋಡಾನ."

ಅವರ ಚಿಂತೆ ಬೇರೆ ಇತ್ತು. ಆ ಜಾಗದಲ್ಲಿ ಎಲ್ಲೋ ಒಂದು ಹಗೇವು ಇತ್ತು. ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಒಳಗೆ ಕಟ್ಟಿಕೊಂಡ ಕೆಟ್ಟ ಗಾಳಿಗೆ ಹೆದರಿ, ಅದರ ಬಾಯಿ ತೆಗೆದೊಡನೆ ಯಾರೂ ಇಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಬಿಡುತ್ತಿದ್ದರು. ಅದು ಆರದಿದ್ದರೆ ಮಾತ್ರ ಮನುಷ್ಯ. ದೊಡ್ಡಪ್ಪನ ಅಣ್ಣ, ಇನ್ನೂ ಶಾಲೆಗೆ ಹೋಗುವ ಹುಡುಗ, ದೀಪ ಬಿಡದೆ ಇಳಿದು ಅಲ್ಲೇ ಪ್ರಾಣ ಬಿಟ್ಟನಂತೆ. ಹೆಣ ತೆಗೆದ ದಿನವೇ ಅವರಪ್ಪ ಹಗೇವನ್ನು ಮುಚ್ಚಿಸಿದರು, ಎಲ್ಲಿ ಎಂದು ಸಾಯುವವರೆಗೂ ಹೇಳಲಿಲ್ಲ. ಅಣ್ಣ ಸತ್ತ ಜಾಗವನ್ನು ಜೆಸಿಬಿಗೆ ಕೊಡಲು ದೊಡ್ಡಪ್ಪನಿಗೆ ಮನಸ್ಸಿಲ್ಲ. ಜಾಗ ತೋರಿಸದೆ ಹೇಳಿದರೆ ಮಗ ಕೇಳುವವನಲ್ಲ.

ಅವರು ಅಳತೆ, ದಿಕ್ಕು ಹೇಳಿದರು, ನಾನು ಕಟ್ಟಿದೆ. ನೆಲ ತಗ್ಗಿಸಿ ನೆಲಮಾಳಿಗೆ, ಇಳಿಜಾರು, ಒಂದು ಕಾರು.

"ಒಳಗೆ ದೀಪ ಮಡಗಿದ್ಯೇನಪ್ಪಾ?"

"ಇದು ಆಟ, ದೊಡ್ಡಪ್ಪ."

"ಆಟಾನೇ ಕಣಪ್ಪ. ಮಡಗು, ನಿನ್ ಗಂಟೇನ್ ಹೋಯ್ತದೆ."

ದೀಪ ಹಾಕಿದೆ. ಗೊಂಬೆಯೊಂದನ್ನು ಇಳಿಸಿ ಕಾರಿನ ಬಳಿ ಹೋಗೆಂದೆ. ಅದು ಕಾರಿಗೆ ಹೋಗಲಿಲ್ಲ. ಏನೂ ಇಲ್ಲದ ಈಶಾನ್ಯ ಮೂಲೆಗೆ ನಡೆದು, ಎರಡೂ ಕೈ ಮೇಲೆತ್ತಿ ಬೀಸತೊಡಗಿತು. ದಾರಿ ಸಿಗದಾಗ ಆ ಗೊಂಬೆಗಳು ಹಾಗೆ ಮಾಡುತ್ತವೆ, ನನಗೆ ಗೊತ್ತಿತ್ತು. ಗೋಡೆ ತೆಗೆದೆ. ಕಾರು ಜರುಗಿಸಿದೆ. ಹೆಣ್ಣು ಗೊಂಬೆಯನ್ನು ಇಳಿಸಿದೆ. ಅದೂ ಅಲ್ಲೇ ಹೋಗಿ ನಿಂತು, ಮೇಲೆ ನೋಡುತ್ತಾ ಕೈ ಬೀಸಿತು... ಮೇಲೆ ನೋಡಿದ್ದು ನನ್ನ ಸೇರ್ಪಡೆಯೂ ಇರಬಹುದು.

ದೊಡ್ಡಪ್ಪ ಬೀಡಿ ಹೊಸಕಿದರು. "ಸಾಕು ಬುಡಪ್ಪ. ಮ್ಯಾಕ್ಕೆ ಕರ್ಕೊ ಅವ್ರುನ್ನ."

ಬೆಳಿಗ್ಗೆ ಜೆಸಿಬಿ ಬರುವ ಮೊದಲೇ ಅವರು ಆ ಮೂಲೆಯಲ್ಲಿ ಹಾರೆ ಹಾಕಿದರು. ಮೊಳದಾಳಕ್ಕೆ ದುಂಡನೆಯ ಚಪ್ಪಡಿ ಸಿಕ್ಕಿತು. ಹಾರೆ ತಾಗಿದಾಗ ಕೆಳಗೆ ಟೊಳ್ಳು ಸದ್ದು. ಮಗ ತಾನೇ ಮಣ್ಣು ಎಳೆದು ಮುಚ್ಚಿದ. ಮನೆ ನೆಲಮಾಳಿಗೆಯಿಲ್ಲದೆ ಎದ್ದಿತು.

ದೊಡ್ಡಪ್ಪ ತೀರಿಕೊಂಡು ವರ್ಷಗಳಾದವು. ಇಷ್ಟು ದಿನ ನಾನೊಂದು ವಿವರಣೆಯನ್ನು ನೆಚ್ಚಿಕೊಂಡಿದ್ದೆ: ಹಗೇವು ಮುಚ್ಚುವುದನ್ನು ಅವರು ಚಿಕ್ಕವರಿದ್ದಾಗ ಕಂಡಿದ್ದರು, ಆ ಮೂಲೆ ಅವರಿಗೆ ಗೊತ್ತಿತ್ತು, ಅಪ್ಪ ಮುಚ್ಚಿಟ್ಟದ್ದನ್ನು ತಾವೇ ಬಾಯಿಬಿಡದೆ ಮಗನಿಗೆ ತೋರಿಸಲು ಒಂದು ನೆಪ ಬೇಕಿತ್ತು, ಗೊಂಬೆಯ ಪೇಚಾಟ ನೆಪವಾಯಿತು. ಅವರಿದ್ದಿದ್ದರೆ ಕೇಳಬಹುದಿತ್ತು... ಹೋದ ವಾರ ನಂದಗುಡಿಯಲ್ಲಿರುವ ಅವರ ಅಕ್ಕನನ್ನು ಕೇಳಿದೆ.

"ಅವಾಗ ಅವ್ನೆಲ್ಲಿದ್ನಪ್ಪಾ? ನಮ್ಮವ್ವಂಗೆ ಆರು ತಿಂಗ್ಳು."

ಮುದುಕಿಯ ಮಾತೆಂದು ಊರಿನ ಶಾಲೆಯ ದಾಖಲಾತಿ ಪುಸ್ತಕವನ್ನೂ ತೆಗೆಸಿ ನೋಡಿದೆ. ಅಣ್ಣನ ಹೆಸರಿನ ಎದುರು 'ತೀರಿಕೊಂಡಿದ್ದಾನೆ' ಎಂದು ಬರೆದು ತಾರೀಖು ಹಾಕಿದ್ದಾರೆ. ಮುಂದಿನ ಪುಟಗಳಲ್ಲಿ ದೊಡ್ಡಪ್ಪನ ಹೆಸರೂ ಇದೆ: ಹುಟ್ಟಿದ್ದು ಅದಾದ ಮೂರು ತಿಂಗಳಿಗೆ.