ನಾನಿಲ್ಲದಾಗ ಮಿನುಗುವ ದೀಪ

ನನ್ನ ಗಂಡನ ಜೀಪಿನಲ್ಲಿ ಒಂದು ಹಳದಿ ದೀಪವಿದೆ. ಸ್ಟೇರಿಂಗಿನ ಹಿಂದೆ, ಸ್ಪೀಡು ತೋರಿಸುವ ಮುಳ್ಳಿನ ಪಕ್ಕದಲ್ಲಿ. ಇಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಅನ್ನುವ ಪೆಟ್ಟಿಗೆಗೆ ಏನಾದರೂ ಆದರೆ ಆ ದೀಪ ಮಿನುಗುತ್ತದಂತೆ. ಮಿನುಗುತ್ತದಂತೆ ಅಂತ ಯಾಕೆ ಹೇಳುತ್ತೇನೆಂದರೆ, ಅದು ಮಿನುಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ನಾನು ಗಾಡಿ ಹತ್ತಿದರೆ ಅದು ತೆಪ್ಪಗಿರುತ್ತಿತ್ತು. ಅವರೊಬ್ಬರೇ ಹೋದ ದಿನ ಮಾತ್ರ, "ಇವತ್ತೂ ಹತ್ಕಂತು ಕಣೇ, ನಾಳೆ ಅರಸೀಕೆರೆಗೋಗಿ ತೋರಿಸ್ಕಂಡ್ ಬತ್ತೀನಿ" ಅನ್ನುತ್ತಾ ಮನೆಗೆ ಬರುತ್ತಿದ್ದರು.

ನಾನು ಹಳೇಬೀಡಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಪರೀಕ್ಷೆಯ ಕೋಣೆಯಲ್ಲಿ ಯಾವ ಹುಡುಗ ಅಂಗಿಯ ತೋಳನ್ನು ಸುಮ್ಮನೆ ಮಡಿಸಿದ್ದಾನೆ, ಯಾವನು ಬೇಕಂತ ಮಡಿಸಿದ್ದಾನೆ ಅನ್ನುವುದು ಬಾಗಿಲಿನಿಂದಲೇ ನನಗೆ ಗೊತ್ತಾಗುತ್ತದೆ. ಅಂಥವಳ ಕಿವಿಗೆ ಹೂವಿಡಲು ನೋಡಿದರೆ ಆಗುತ್ತದೆಯೇ? ಹೆಂಡತಿ ಕೂತರೆ ಸರಿಯಿರುವ ಗಾಡಿ, ಹೆಂಡತಿ ಇಳಿದ ಕೂಡಲೇ ಕೆಡುತ್ತದೆ ಅಂದರೆ ಕೆಟ್ಟಿರುವುದು ಗಾಡಿಯಲ್ಲ ಅಂತ ನಾನು ತೀರ್ಮಾನಿಸಿದ್ದೆ.

ಜೀಪು ಹಳೆಯದು. ಆದರೆ ಹಳೆಯದಾಗಿ ಉಳಿದಿರುವುದು ಅದರ ಮೈ ಮಾತ್ರ. ಇಂಜಿನ್ ಯಾವುದೋ ಗಾಡಿಯದು, ಗೇರ್ ಬಾಕ್ಸ್ ಇನ್ಯಾವುದೋ ಗಾಡಿಯದು, ಟೈರು ನೋಡಿದರೆ ಟ್ರ್ಯಾಕ್ಟರಿನ ತಮ್ಮ. ಮೊದಲು ಫೋರ್ ವೀಲ್ ಹಾಕಲು, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡಲು, ಒಂದು ಕಬ್ಬಿಣದ ಲಿವರ್ ಇತ್ತು. ಎಳೆದರೆ ಬೀಳುತ್ತಿತ್ತು, ತಳ್ಳಿದರೆ ಬಿಡುತ್ತಿತ್ತು, ಯಾರಿಗೂ ಅದರಿಂದ ತೊಂದರೆಯಿರಲಿಲ್ಲ. ಅದನ್ನು ಕಿತ್ತು, ಸ್ವಿಚ್ ತಿರುಗಿಸಿದರೆ ಕರೆಂಟಿನಿಂದ ತಾನೇ ಬದಲಾಗುವ ಟ್ರಾನ್ಸ್‌ಫರ್ ಕೇಸ್ ಹಾಕಿಸಿದರು. ಅದನ್ನು ನಡೆಸುವುದಕ್ಕೆ ಒಂದು ಎಲೆಕ್ಟ್ರಾನಿಕ್ ಡಬ್ಬಿ, ಎಡಗಡೆ ಸೀಟಿನ ಕೆಳಗೆ. "ಇದು ಗಾಡಿ ಮೆದುಳು ಕಣೇ" ಅಂತ ಮುಚ್ಚಳ ತೆಗೆದು ತೋರಿಸಿದರು. ಹಾಕಿಸಿದವರಿಗೂ ಒಂದು ಚೂರು ಇದ್ದಿದ್ದರೆ ಚೆನ್ನಾಗಿತ್ತು ಅಂದೆ. ಅವರು ನಕ್ಕರು. ನನ್ನ ಬೈಗುಳಕ್ಕೆಲ್ಲ ನಗುವುದು ಅವರಿಗೆ ಅಭ್ಯಾಸ.

ಈ ಗಾಡಿ ತೆಗೆದುಕೊಂಡು ಅರೇಹಳ್ಳಿ ಕಡೆಯ ಹಳ್ಳಗಳಲ್ಲಿ, ಕಾಫಿ ತೋಟದ ಕೆಸರಿನಲ್ಲಿ ಗೆಳೆಯರ ಜೊತೆ ಬಿದ್ದೆದ್ದು ಬರುವುದು ಅವರ ಹುಚ್ಚು. ಒಂದು ಸಲ ಬಿದ್ದದ್ದಾಯಿತು, ಏಳುವುದಾಗಲಿಲ್ಲ. ಗಾಡಿ ದಡದಿಂದ ಕೆಳಕ್ಕೆ ಕುಕ್ಕರಿಸಿ ಇವರ ಬೆನ್ನಿನ ಡಿಸ್ಕ್ ಜಾರಿತು. ಹಾಸನದಲ್ಲಿ ಆಪರೇಷನ್ ಮಾಡಿದ ಡಾಕ್ಟರು ಒಂದು ಚೀಟಿಯ ಮೇಲೆ ಬೆನ್ನಿನ ಚಿತ್ರ ಗೀಚಿ ನನಗೆ ತೋರಿಸಿದರು. "ಈ ನರ ಎಡಗಾಲಿಗೆ ಹೋಗುತ್ತಮ್ಮ. ಇನ್ನೊಂದು ಏಟು ಬಿದ್ರೆ ಕಾಲು ಉಳಿಯುತ್ತೆ ಅಂತ ನಾನು ಹೇಳೋಕಾಗಲ್ಲ" ಅಂದರು. ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ನನ್ನ ಅಂಗೈಗೆ ಕೈ ಹಾಕಿ ಇವರು ಭಾಷೆ ಕೊಟ್ಟರು: ಇನ್ನು ಅರೇಹಳ್ಳಿಯಿಲ್ಲ, ಹಳ್ಳವಿಲ್ಲ, ಜೀಪು ಏನಿದ್ದರೂ ತೋಟಕ್ಕೆ. ನಮ್ಮ ತೆಂಗಿನ ತೋಟ ಬಾಣಾವರದಾಚೆ, ಅರಸೀಕೆರೆ ಕಡೆ. ಮಳೆ ಬಿದ್ದರೆ ಕೆರೆ ಏರಿಯ ಕೆಳಗಿನ ಕರಿಮಣ್ಣಿನ ದಾರಿಯಲ್ಲಿ ಬೇರೆ ಗಾಡಿ ಹೋಗುವುದಿಲ್ಲ, ಅದು ನನಗೂ ಗೊತ್ತು. ಹಾಗಾಗಿ ಒಪ್ಪಿಕೊಂಡೆ.

ಈಗ ಈ ದೀಪದ ಕಥೆ ಶುರುವಾದಾಗ ನನಗೆ ಆ ಭಾಷೆಯ ಮೇಲೇ ಅನುಮಾನ ಬಂತು. ಕೆಸರಿನ ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಅರಸೀಕೆರೆ ಗ್ಯಾರೇಜು ಅಂತ ಹೇಳಿ ಹೊರಟ ಗಾಡಿ ಬೇಲೂರು ದಾಟಿ ಅರೇಹಳ್ಳಿಗೆ ಹೋದರೆ ಹೇಳುವವರು ಯಾರು? ಫೋನ್ ಬಂದರೆ ಎದ್ದು ಹಿತ್ತಲಿಗೆ ಹೋಗಿ ಮಾತಾಡುತ್ತಿದ್ದರು. ಯಾರದು ಅಂದರೆ ಕಾಯಿ ವ್ಯಾಪಾರದವರು ಅನ್ನುತ್ತಿದ್ದರು. ಕಾಯಿ ವ್ಯಾಪಾರಕ್ಕೆ ಹಿತ್ತಲು ಯಾಕೆ? ಅವರು ಸ್ನಾನಕ್ಕೆ ಹೋದಾಗ ನಾನು ಅಂಗಳಕ್ಕಿಳಿದು ಟೈರಿನ ಸಂದಿಯ ಮಣ್ಣನ್ನು ಹೇರ್‌ಪಿನ್ನಿನಲ್ಲಿ ಕೆರೆದು ನೋಡುತ್ತಿದ್ದೆ. ಅರೇಹಳ್ಳಿಯದಾದರೆ ಕೆಂಪಗಿರಬೇಕು, ತೋಟದ್ದಾದರೆ ಕಪ್ಪು. ಪ್ರತಿ ಸಲವೂ ಕಪ್ಪು. ಆಗಲೂ ನನಗೆ ಸಮಾಧಾನವಾಗಲಿಲ್ಲ. ಬೇಲೂರಿನಲ್ಲೇ ಗಾಡಿ ತೊಳೆಸಿ, ತೋಟಕ್ಕೆ ಹೋಗಿ ಮೇಲಿಂದ ಕಪ್ಪು ಮಣ್ಣು ಹತ್ತಿಸಿಕೊಂಡು ಬರುವಷ್ಟು ಬುದ್ಧಿ ಅವರಿಗಿದೆ ಅಂದುಕೊಂಡೆ.

ಒಂದು ಶನಿವಾರ ಬೆಳಗಿನ ಸ್ಕೂಲು ಮುಗಿಸಿಕೊಂಡು ಬಂದವಳೇ, "ನಾನೂ ಬರ್ತೀನಿ ಗ್ಯಾರೇಜಿಗೆ" ಅಂದೆ.

ಅವರ ಮುಖ ಸ್ವಲ್ಪ ಇಳಿಯಿತು. "ನೀನ್ಯಾಕೆ ಬಿಸಿಲಲ್ಲಿ? ಅಲ್ಲಿ ಕೂರಕ್ಕೂ ಜಾಗಿಲ್ಲ."

"ನಿಂತ್ಕೋತೀನಿ. ದಿನಾ ಕ್ಲಾಸಲ್ಲಿ ನಿಂತೇ ಅಭ್ಯಾಸ."

ದಾರಿಯುದ್ದಕ್ಕೂ ನಾನು ಆ ದೀಪವನ್ನೇ ನೋಡುತ್ತಾ ಕೂತೆ. ಅದು ಸತ್ತ ಹಾಗಿತ್ತು. ಇವರು ಬೇರೆ ದಿನವಾದರೆ ಎದುರಿಗೆ ಬರುವ ಪ್ರತಿ ಬಸ್ಸಿನ ಡ್ರೈವರನ್ನೂ ಬೈಯುವವರು, ಅವತ್ತು ಹಲ್ಲು ಕಚ್ಚಿಕೊಂಡು ಕೂತಿದ್ದರು. ಚಳಿಗಾಲದ ದಿನ, ಗಾಳಿ ಬೀಸುತ್ತಿದೆ, ಇವರ ಹಣೆಯಲ್ಲಿ ಬೆವರು. ಜಾವಗಲ್‌ನಲ್ಲಿ ಕಾಫಿಗೆ ಅಂತ ನಿಲ್ಲಿಸಿದರು. ಬಾಣಾವರದಲ್ಲಿ ಮತ್ತೆ ಕಾಫಿಗೆ ಅಂತ ನಿಲ್ಲಿಸಿದರು. ನನಗೆ ಕಾಫಿ ತಂದುಕೊಟ್ಟು ತಾವು ಗಾಡಿಗೆ ಒರಗಿಕೊಂಡು ನಿಂತಿದ್ದರು.

"ಯಾಕ್ರೀ ಇಷ್ಟು ಬೆವರು?" ಅಂದೆ.

"ಬಿಸಿಲು."

"ಎಲ್ಲಿದೆ ಬಿಸಿಲು?"

ಅವರು ಹಣೆ ಒರೆಸಿಕೊಂಡು ಗಾಡಿ ಹತ್ತಿದರು. ಸಿಕ್ಕಿಬೀಳುವ ಭಯ ಅಂತ ಲೆಕ್ಕ ಹಾಕಿದೆ. ನಕಲು ಚೀಟಿ ಜೇಬಲ್ಲಿಟ್ಟುಕೊಂಡ ಹುಡುಗರೂ ಹೀಗೇ ಬೆವರುವುದು.

ಅರಸೀಕೆರೆಯ ಗ್ಯಾರೇಜಿನವನು ನಮ್ಮ ಜೀಪಿಗೆ ಆ ಟ್ರಾನ್ಸ್‌ಫರ್ ಕೇಸ್ ಕೂರಿಸಿದ ಮನುಷ್ಯ. ಬಾಯಿ ಜೋರು, ಕೈ ನಿಧಾನ. ನನ್ನನ್ನು ನೋಡಿ, "ಮೇಡಮ್ಮೋರೂ ಬಂದವ್ರೆ, ಹಂಗಾರೆ ಇವತ್ತು ದೀಪ ಹತ್ತಾದೇ ಇಲ್ಲ ಬುಡಿ" ಅಂದ. ಅವನಿಗೂ ಗೊತ್ತಾಗಿದೆಯಲ್ಲ ಅಂತ ನನಗೆ ಮೈಯುರಿಯಿತು. ಅವನು ಗಾಡಿಯ ಕೆಳಗೆ ತೂರಿ ಎಣ್ಣೆ ನೋಡಿದ, ಗೇರ್ ಬದಲಿಸುವ ಪುಟ್ಟ ಮೋಟಾರನ್ನು ತಟ್ಟಿ ನೋಡಿದ, ಸೆನ್ಸರ್ ಬಿಚ್ಚಿ ಒರೆಸಿ ಹಾಕಿದ. ಆಮೇಲೆ ತಾನೇ ಸ್ಟೇರಿಂಗ್ ಹಿಡಿದು ಕೊಬ್ಬರಿ ಮಂಡಿಗಳ ಕಡೆ ಒಂದು ಸುತ್ತು ಹೋಗಿ ಬಂದ. ಫೋರ್ ವೀಲ್ ಸರಿಯಾಗಿ ಬಿದ್ದಿತ್ತು, ದೀಪ ಹತ್ತಿರಲಿಲ್ಲ.

"ನನ್ ಕೈಲೂ ಹತ್ತಲ್ಲ, ಮೇಡಮ್ಮೋರು ಇದ್ರೂ ಹತ್ತಲ್ಲ. ನಿಮಗೊಬ್ರಿಗೇ ಕಣ್ ಹೊಡೀತೈತಲ್ಲ ಯಜಮಾನ್ರೇ" ಅಂದ. ಇವರು ನಗಲಿಲ್ಲ.

ಕೊನೆಗೆ ಎಡಗಡೆ ಸೀಟು ಎತ್ತಿ ಆ ಮೆದುಳಿನ ಡಬ್ಬಿ ನೋಡಿದವನು ಅಲ್ಲೇ ಕೂತುಬಿಟ್ಟ. ಡಬ್ಬಿಗೆ ಕರೆಂಟು ಬರುವ ಜಾಗದಿಂದ ಕಪ್ಪು ಟೇಪು ಸುತ್ತಿದ ಒಂದು ದಪ್ಪ ವೈರು ಮ್ಯಾಟಿನ ಕೆಳಗೆ ನುಸುಳಿಕೊಂಡು ಮುಂದಕ್ಕೆ ಹೋಗಿತ್ತು.

"ಇದು ನಾನ್ ಎಳ್ದಿರೋ ವೈರಲ್ಲ" ಅಂದ.

"ಫಾಗ್ ಲೈಟಿಗೆ" ಅಂದರು ಇವರು, ಅವನು ಮುಗಿಸುವ ಮೊದಲೇ.

"ಕಿತ್ತಾಕ್ಲಾ? ಇದರದ್ದೇ ಇರ್ಬೌದು ತೊಂದ್ರೆ."

"ಬ್ಯಾಡ. ಇರ್ಲಿ ಬುಡು."

ಆ "ಬ್ಯಾಡ" ಅಂದ ದನಿ ನನಗೆ ಹಿಡಿಸಲಿಲ್ಲ. ಗಾಡಿ ಸರಿಯಾಗಲಿ ಅಂತ ಇಷ್ಟು ಸಲ ಅಲೆದ ಮನುಷ್ಯ, ಸರಿಯಾಗುತ್ತದೆ ಅಂದರೆ ಬೇಡ ಅನ್ನುವುದೇ? ಅಲ್ಲೇ ಜಗಳ ತೆಗೆಯುವವಳಿದ್ದೆ, ನುಂಗಿಕೊಂಡೆ. ಅಷ್ಟರಲ್ಲಿ ಫೋನ್ ಬಂತು, ಇವರು ಎದ್ದು ರಸ್ತೆಯಾಚೆ ಹೋದರು. ನಾನು ಮೆಕ್ಯಾನಿಕ್ಕನ ಹತ್ತಿರ ಹೋಗಿ, "ನಿಜ ಹೇಳಪ್ಪ, ಏನದು?" ಅಂತ ಕೇಳಿದೆ.

ಅವನು ಕೈಯೊರೆಸಿಕೊಂಡ. "ನಂಗೂ ಗೊತ್ತಿಲ್ಲ ಮೇಡಮ್ಮೋರೆ. ಆದ್ರೆ ಇಷ್ಟು ದಪ್ಪ ವೈರು ಫಾಗ್ ಲೈಟಿಗೆ ಯಾರೂ ಹಾಕಲ್ಲ. ಏನೋ ಜಾಸ್ತಿ ಕರೆಂಟ್ ಎಳೀತೈತೆ. ಅದು ಎಳೆದಾಗ ಈ ಡಬ್ಬಿಗೆ ಕರೆಂಟ್ ಸಾಲಲ್ಲ, ದೀಪ ಮಿನುಗ್ತೈತೆ. ಯಜಮಾನ್ರು ಒಬ್ರೇ ಇದ್ದಾಗ ಏನೋ ಹಾಕ್ತಾವ್ರೆ, ನೀವಿದ್ದಾಗ ಹಾಕಲ್ಲ."

"ಜಾಸ್ತಿ ಕರೆಂಟ್ ಎಳೆಯೋದು ಏನಿರುತ್ತೆ?"

"ವಿಂಚ್ ಎಳೀತೈತೆ" ಅಂದು ಗಾಡಿಯ ಮುಂದುಗಡೆ ತೋರಿಸಿದ.

ವಿಂಚ್ ಅಂದರೆ ಬಂಪರಿನ ಮೇಲಿರುವ ಹಗ್ಗದ ರಾಟೆ. ಕೆಸರಿನಲ್ಲಿ ಹೂತ ಗಾಡಿ ಅದರ ಹಗ್ಗವನ್ನು ಮರಕ್ಕೆ ಕಟ್ಟಿ ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತದೆ. ತೋಟದ ದಾರಿಗೆ ವಿಂಚ್ ಬೇಡ. ಹಳ್ಳಕ್ಕೆ ಇಳಿಯುವವರಿಗೆ ಮಾತ್ರ ಬೇಕು. ಇಷ್ಟು ದಿನ ಕೈಗೆ ಸಿಗದೆ ಜಾರುತ್ತಿದ್ದ ಲೆಕ್ಕಕ್ಕೆ ಉತ್ತರ ಸಿಕ್ಕಿತು ಅನ್ನಿಸಿತು. ಸಿಟ್ಟಿನ ಜೊತೆಗೆ, ಹೇಳಬಾರದು, ಗೆದ್ದ ಸಂತೋಷವೂ ಆಯಿತು.

ಹಿಂತಿರುಗುವಾಗ ನಾನು ವಿಂಚಿನ ಮಾತೆತ್ತಲಿಲ್ಲ. ಸಾಕ್ಷಿ ಕೈಯಲ್ಲಿ ಹಿಡಿದುಕೊಂಡೇ ಕೇಳೋಣ, ಆಮೇಲೆ ಕಾಗೆ ಹಾರಿಸಲು ಜಾಗವಿರಬಾರದು ಅಂತ ಕಾದೆ. ಇವರು ಮತ್ತೆ ಬೆವರಿದರು, ಮತ್ತೆ ಜಾವಗಲ್‌ನಲ್ಲಿ ನಿಲ್ಲಿಸಿದರು. ಮನೆಗೆ ಬಂದು ಊಟ ಕೂಡ ಸರಿಯಾಗಿ ಮಾಡದೆ ಮಲಗಿದರು. ಮಲಗಲಿ, ನಾಳೆ ಬೆಳಗಾಗಲಿ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಅವರು ಬಚ್ಚಲಿಗೆ ಹೋದದ್ದೇ ಕೀಲಿ ತೆಗೆದುಕೊಂಡು ಅಂಗಳಕ್ಕಿಳಿದೆ. ಮೊದಲು ವಿಂಚ್ ನೋಡಿದೆ. ಹಗ್ಗದ ಸುರುಳಿಯ ಮೇಲೆ ಧೂಳು ಗಟ್ಟಿಯಾಗಿ ಕೂತಿತ್ತು. ಕೊಕ್ಕೆಯಿಂದ ಬಂಪರಿನವರೆಗೆ ಜೇಡ ಬಲೆ ಕಟ್ಟಿತ್ತು, ಅದರಲ್ಲಿ ಒಣಗಿದ ಹುಳಗಳು. ಈ ಹಗ್ಗವನ್ನು ಯಾರೂ ಮುಟ್ಟದೆ ತಿಂಗಳುಗಳಾಗಿವೆ ಅಂತ ಎಂಥವರಿಗೂ ಗೊತ್ತಾಗುತ್ತಿತ್ತು. ನನಗೆ ಸಮಾಧಾನವಾಗಬೇಕಿತ್ತು, ಇನ್ನಷ್ಟು ತಲೆ ಕೆಟ್ಟಿತು. ವಿಂಚ್ ಅಲ್ಲದಿದ್ದರೆ ಮತ್ತೇನು? ನನ್ನೆದುರಿಗೆ ಹಾಕಲಾಗದಂಥದ್ದು ಏನಿದೆ ಈ ಗಾಡಿಯಲ್ಲಿ?

ಆ ಕಡೆ ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತೆ. ನನಗೆ ಗಾಡಿ ಓಡಿಸಲು ಬರುವುದಿಲ್ಲ. ಇಷ್ಟು ವರ್ಷದಲ್ಲಿ ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಇಂಜಿನ್ ಶುರುವಾಗದ ಹಾಗೆ ಕೀಲಿಯನ್ನು ಅರ್ಧ ತಿರುಗಿಸಿದೆ. ಬೋರ್ಡಿನ ದೀಪಗಳೆಲ್ಲ ಹತ್ತಿದವು, ಹಳದಿಯದು ಒಮ್ಮೆ ಹತ್ತಿ ಆರಿತು. ಆಮೇಲೆ ಒಂದೊಂದೇ ಒತ್ತುತ್ತಾ ಹೋದೆ. ಹೆಡ್‌ಲೈಟು ಹಾಕಿದೆ, ಹಳದಿ ದೀಪ ಸುಮ್ಮನಿತ್ತು. ಫಾಗ್ ಲೈಟಿಗೆ ಬೇರೆಯೇ ಸ್ವಿಚ್ ಇತ್ತು, ಅದಕ್ಕೂ ಸುಮ್ಮನಿತ್ತು. ವೈಪರ್, ಫ್ಯಾನು, ಹಾಡಿನ ಪೆಟ್ಟಿಗೆ, ಯಾವುದಕ್ಕೂ ಅದು ಕಣ್ಣು ಬಿಡಲಿಲ್ಲ. ಇನ್ನೇನೂ ಉಳಿಯಲಿಲ್ಲ ಅಂತ ಬೇಸತ್ತು ಗೇರಿನ ಹಿಡಿಯ ಮೇಲೆ ಕೈಯಿಟ್ಟಾಗ, ಹಿಡಿಯ ಕೆಳಭಾಗದಲ್ಲಿ, ಕಣ್ಣಿಗೆ ಕಾಣದ ಆದರೆ ಬೆರಳಿಗೆ ಸಿಗುವ ಜಾಗದಲ್ಲಿ, ಒಂದು ಸಣ್ಣ ಗುಂಡಿ ತಾಕಿತು.

ಒತ್ತಿದೆ.

ಕಾಲಿನ ಬಳಿ ಎಲ್ಲೋ ಗುರ್ ಅಂತ ಮೋಟಾರು ತಿರುಗಿತು. ಹಳದಿ ದೀಪ ಮಿನುಗತೊಡಗಿತು. ಕೆಳಗೆ ಬಗ್ಗಿ ನೋಡಿದೆ. ಗೇರ್ ಬದಲಿಸುವಾಗೆಲ್ಲ ಎಡಗಾಲಿನಿಂದ ಒತ್ತಬೇಕಾದ ಕ್ಲಚ್ಚು, ಯಾರ ಕಾಲೂ ಅದರ ಮೇಲಿಲ್ಲದೆ, ತಾನಾಗಿಯೇ ನಿಧಾನಕ್ಕೆ ನೆಲದವರೆಗೆ ಇಳಿಯಿತು. ಬೆರಳು ತೆಗೆದೆ, ಮೇಲೆ ಬಂತು. ಮತ್ತೆ ಒತ್ತಿದೆ, ಮತ್ತೆ ಇಳಿಯಿತು.

ತಲೆಯೆತ್ತಿದಾಗ ಇವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಜಗಲಿಯ ಕಂಬ ಹಿಡಿದು ನಿಂತಿದ್ದರು. ಮೋಟಾರಿನ ಸದ್ದು ಅವರಿಗೂ ಕೇಳಿಸಿತ್ತು.

"ಅರೇಹಳ್ಳಿಗೆ ಹೋಗಿದ್ರಾ?" ಅಂದೆ.

"ಇಲ್ಲ."

"ಮತ್ತೆ ಎಡಗಾಲಿಗೇನಾಯ್ತು?"

"ಎಲ್ಲೂ ಬಿದ್ದಿಲ್ಲ ಕಣೇ, ಎಲ್ಲೂ ಇಳ್ಸಿಲ್ಲ. ಮಳೆಗಾಲದಾಗೆ ಪಾದ ಜೋಮು ಹಿಡಿಯಕ್ಕೆ ಸುರುವಾತು. ಆಮ್ಯಾಲೆ ಮಂಡಿಗೆ ಬಂತು. ತಾನಾಗೇ ಬಂತು." ಟವೆಲಿನಿಂದ ಮುಖ ಒರೆಸಿಕೊಂಡರು. "ಹಾಸನದಾಗೆ ಈ ಮೋಟ್ರು ಹಾಕಿಸ್ದೆ. ನೀನಿದ್ದಾಗ ಹ್ಯಂಗೋ ಕಾಲಲ್ಲೇ ಒತ್ತಾ ಇದ್ದೆ."

ನಾನು ಕೀಲಿ ತಿರುಗಿಸಿ ಬೋರ್ಡಿನ ದೀಪಗಳನ್ನೆಲ್ಲ ಆರಿಸಿದೆ. "ಡಾಕ್ಟ್ರು?"

"ಅವ್ರೇ ಫೋನ್ ಮಾಡ್ತಾವ್ರೆ. ಮತ್ತೆ ಕುಯ್ಯಬೇಕಂತೆ. ತಡ ಆದ್ರೆ ಕಾಲು ಸಿಕ್ಕಲ್ಲ, ಮನೆಯೋರನ್ನ ಕರ್ಕಂಡ್ ಬಾ ಅಂತಾವ್ರೆ."

"ಮಳೆಗಾಲದಿಂದ ಸುಮ್ಮನಿದ್ರಲ್ಲ. ನನಗ್ಯಾಕ್ರೀ ಹೇಳ್ಲಿಲ್ಲ?"

ಅವರು ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ, ಯಾವತ್ತಿನ ನಗುವೂ ಇರಲಿಲ್ಲ.

"ಈಗ ಕ್ಲಚ್ಚು ನೋಡಿದ ತಕ್ಷಣ ಮೊದ್ಲು ಏನ್ ಕೇಳ್ದೆ ನೀನು?" ಅಂದರು.