ಬಿಚ್ಚೆಪ್ಪ ಬಿಚ್ಚಿದ ಹಿಂಬಾಗಿಲು

ಬನಹಟ್ಟಿಯ ನೇಕಾರ ಶಂಕರೆಪ್ಪನಿಗೆ ಓಣಿಯವರು ಇಟ್ಟ ಹೆಸರು ಬಿಚ್ಚೆಪ್ಪ. ಕೈಗೆ ನಟ್ಟು ಬಿಚ್ಚುವ ಪಾನಾ ಸಿಕ್ಕರೆ ಸಾಕು, ಕಣ್ಣಿಗೆ ಬಿದ್ದದ್ದನ್ನೆಲ್ಲ ಬಿಚ್ಚುತ್ತಿದ್ದ. ಕೂಡಿಸುವ ಗೋಜಿಗೆ ಮಾತ್ರ ಹೋದವನಲ್ಲ. ಗೋಡೆ ಗಡಿಯಾರ ಡಬ್ಬಿಯಲ್ಲಿತ್ತು, ಫ್ಯಾನು ಬುಟ್ಟಿಯಲ್ಲಿತ್ತು, ಮಿಕ್ಸರು ಎಲ್ಲಿತ್ತೋ ಅವನಿಗೇ ಗೊತ್ತಿರಲಿಲ್ಲ. ಹೆಂಡತಿ ಅನಸವ್ವ ಕಲ್ಲಿನಲ್ಲಿ ಚಟ್ನಿ ಅರೆಯುತ್ತಿದ್ದಳು.

ಹೀಗಿರುವಾಗ ಸೀರೆ ಒಯ್ಯುವ ಹಳೆಯ ವ್ಯಾನಿನ ಹಿಂಬಾಗಿಲ ಬಿಜಾಗರಿಯ ಕೀಲು ತುಕ್ಕು ಹಿಡಿಯಿತು. ಮೇಲಕ್ಕೆ ಎತ್ತುವ ಬಾಗಿಲು ಅದು, ಅರ್ಧಕ್ಕೇ ನಿಂತುಬಿಡುತ್ತಿತ್ತು.

“ಲೋಕಾಪುರದ ಗ್ಯಾರೇಜಿಗೆ ಒಯ್ರಿ,” ಎಂದಳು ಅನಸವ್ವ.

“ಏ, ಮನ್ಯಾಗ ಬಿಚ್ಚತೇನಿ.”

“ಬಾಗಲದ ಗ್ಲಾಸಿಗೆ ಒಂದ್ ಗೀರ ಬಿದ್ರೂ ನಿಮ್ಮ ಪಾನಾದ ಡಬ್ಬಿ ಗುಜರಿ ಗಾಡಿಗೆ ಹೊಕ್ಕೈತಿ. ಖರೇನ ಹೇಳಾಕತ್ತೇನಿ.”

ಆ ಡಬ್ಬಿ ಅವನ ಅಪ್ಪನದು. ಅದು ಹೋದರೆ ತಾನೂ ಹೋದಂತೆ ಎಂದುಕೊಂಡಿದ್ದ ಪುಣ್ಯಾತ್ಮ. ಅದಕ್ಕೇ ಈ ಸಲ ಮೊಬೈಲಿನಲ್ಲಿ ನೋಡಿ ಎಲ್ಲವನ್ನೂ ಕ್ರಮವಾಗಿ ಮಾಡಿದ. ಬ್ಯಾಟರಿ ವೈರು ಕಳಚಿದ. ಬಾಗಿಲೊಳಗಿನ ದೀಪದ ವೈರುಗಳನ್ನು ಬಿಡಿಸಿದ. ನೆಲಕ್ಕೆ ಕೌದಿ ಹಾಸಿದ. ಬಾಗಿಲು ಹಿಡಿಯಲು ಆಳು ಬೇಕಲ್ಲ? ಕರೆಂಟು ಹೋಗಿ ಮಗ್ಗಗಳು ನಿಂತ ಹೊತ್ತು ನೋಡಿ ಎದುರುಮನೆಯ ಹುಲೆಪ್ಪನನ್ನೂ ಇನ್ನೂ ಮೂವರು ನೇಕಾರರನ್ನೂ ಕರೆದ. ಅವರು ಗಟ್ಟಿಯಾಗಿ ಹಿಡಿದ ಮೇಲೆಯೇ ಬಾಗಿಲನ್ನು ಎತ್ತಿ ನಿಲ್ಲಿಸುವ ಸರಳುಗಳನ್ನು ತೆಗೆದ. ಒಂದೊಂದೇ ಬೋಲ್ಟು ಬಿಚ್ಚಿದ. ಕೊನೆಯದು ಕೈಗೆ ಬಂತು.

“ಕರೆಂಟ್ ಬಂತಲೇ!” ಎಂದ ಹುಲೆಪ್ಪ.

ನಾಲ್ವರೂ ಓಡಿದರು.

ಅವರನ್ನು ಬೈದು ಉಪಯೋಗವಿಲ್ಲ. ಕರೆಂಟು ಬಂದರೆ ಬನಹಟ್ಟಿಯ ನೇಕಾರ ಬಾಯಿಗೆ ಬಂದ ತುತ್ತನ್ನೂ ತಾಟಿನಲ್ಲಿಟ್ಟು ಏಳುತ್ತಾನೆ. ಮೊಬೈಲಿನಲ್ಲಿ ಪಾಠ ಹೇಳಿದವನಿಗೆ ಇದು ಹೇಗೆ ಗೊತ್ತಿರಬೇಕು! ಶಂಕರೆಪ್ಪ ಎರಡೂ ಕೈ ಮತ್ತು ತಲೆ ಕೊಟ್ಟು ಬಾಗಿಲನ್ನು ತಡೆದ.

“ಯಾರರೇ ಬರ್ರೆಪಾ!”

ಮಗ್ಗಗಳ ಖಟಖಟದಲ್ಲಿ ಆ ಕೂಗು ಅವನ ಕಿವಿಗೇ ಬೀಳಲಿಲ್ಲ. ಅಲ್ಲಿ ಮಾತೆಲ್ಲ ಕೈಸನ್ನೆಯಲ್ಲೇ. ಮುಷ್ಟಿ ಎತ್ತಿದರೆ ‘ಮಗ್ಗ ನಿಲ್ಲಿಸು’ ಎಂದರ್ಥ. ಕೈ ಖಾಲಿ ಇಲ್ಲ. ಶಂಕರೆಪ್ಪ ಕಾಲು ಎತ್ತಿದ. ತನ್ನ ಮನೆಯ ಬಾಗಿಲಲ್ಲಿ ನೂಲು ಜೋಡಿಸುತ್ತಿದ್ದ ಹುಲೆಪ್ಪ ಅದನ್ನು ನೋಡಿದ. ಕೆಲಸ ಕೈಗೂಡಿದ ಖುಷಿಗೆ ಕುಣಿಯುತ್ತಿದ್ದಾನೆಂದು ತಿಳಿದು, ತಾನೂ ಒಂದು ಕಾಲು ಎತ್ತಿ ತೋರಿಸಿ ಒಳಗೆ ಹೋದ.

ಅಷ್ಟರಲ್ಲಿ ಶಂಕರೆಪ್ಪನ ಮನೆಯ ಮಗ್ಗ ನಿಂತಿತು. ಮಗಳು ಕಾಂಚನಾ ಹುಟ್ಟಿದ ದಿನ, ಹೆರಿಗೆ ಬ್ಯಾನಿ ಶುರುವಾದ ಮೇಲೂ ಸೆರಗು ನೇಯ್ದು ಮುಗಿಸಿಯೇ ಆಸ್ಪತ್ರೆಗೆ ಹೋದವಳು ಅನಸವ್ವ. ಇಂದು ಕಿಟಕಿಯಿಂದ ಆ ಕಾಲು ಕಂಡದ್ದೇ, ಕರೆಂಟು ಇರುವಾಗಲೇ ಮಗ್ಗ ನಿಲ್ಲಿಸಿ ಓಡಿಬಂದಳು. ಇಬ್ಬರೂ ಸೇರಿ ಬಾಗಿಲನ್ನು ಕೌದಿಯ ಮೇಲೆ ಮಲಗಿಸಿದರು.

“ಗ್ಲಾಸಿಗೆ ಏನೂ ಆಗಿಲ್ಲ, ನೋಡ,” ಎಂದ ಅವನು, ಡಬ್ಬಿಯ ಕಡೆ ಕಣ್ಣಿಟ್ಟು.

“ಗ್ಲಾಸಿಗೆ ಬೆಂಕಿ ಹಚ್ರಿ. ತಲಿ ತೋರಸ್ರಿ ಮೊದಲ.”

ಶಂಕರೆಪ್ಪ ತಲೆ ಬಗ್ಗಿಸಿ ತೋರಿಸಿದ. ಆಗಲೇ ಕರೆಂಟು ಹೋಯಿತು. ನಾಲ್ವರೂ ಕೈ ಒರೆಸಿಕೊಳ್ಳುತ್ತ ಬಂದರು. “ಹೂಂ, ಎಲ್ಲಿ ಹಿಡಿಯೂದು ಹೇಳ್ರಿ,” ಎಂದ ಹುಲೆಪ್ಪ.

“ನೀವು ಹಿಡಿದದ್ದು ಸಾಕ್ರಿ ಯಣ್ಣಾ,” ಎಂದಳು ಅನಸವ್ವ. “ಕೂಡಿಸೂವಾಗ ನಾನ ಹಿಡೀತೇನಿ. ಕರೆಂಟ್ ಬಂದ್ರೂ ಬಿಡಂಗಿಲ್ಲ.”

ಶಂಕರೆಪ್ಪ ಪಾನಾದ ಡಬ್ಬಿ ಎತ್ತಿಕೊಂಡು ಒಳಗೆ ಹೋಗಿ, ಮಂಚದ ಕೆಳಗೆ ಬಗ್ಗಿ, ಮಿಕ್ಸರಿನ ತುಂಡುಗಳನ್ನು ಹುಡುಕತೊಡಗಿದ.