ನಾಲ್ಕನೆಯ ಮಹಡಿಯ ಕಾಕು ಕಟ್ಟಿಸಿದ ಕಂಕಣ

ಆಯುಧಪೂಜೆಯ ದಿನ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿಗೆ ಇಳಿದರೆ ಪೆಟ್ರೋಲು, ಊದಿನಕಡ್ಡಿ, ಅರಿಸಿನ ಮೂರೂ ಬೆರೆತ ಒಂದು ವಾಸನೆ ಮೂಗಿಗೆ ಬಡಿಯುತ್ತದೆ. ಈ ಸಲ ಪಕ್ಕದ ಮನೆಯಾಕೆ ಕಾರಿನ ಬಾನೆಟ್ ಎತ್ತಿ, ಅರಿಸಿನದ ದಾರ ಹಿಡಿದು, ಒಳಗೆ ಎಲ್ಲಿ ಕಟ್ಟಲಿ ಎಂದು ಹುಡುಕುತ್ತಿದ್ದಳು. "ಅರೇ, ವಹಾಂ ಮತ್ ಬಾಂಧೋ!" ಅಲ್ಲಿ ಕಟ್ಟಬೇಡ ಎಂದು ಕೂಗಿಯೇಬಿಟ್ಟೆ. ಪಾಪ, ಬೆಚ್ಚಿಬಿದ್ದಳು. ಏನಂತ ಹೇಳಲಿ ಅವಳಿಗೆ? ನನಗೆ ನಗು ಬಂತು, ನಗುವಿನ ಬೆನ್ನಿಗೇ ಕಣ್ಣೂ ತುಂಬಿತು…

ನಾನು ಮದುವೆಯಾಗಿ ಧಾರವಾಡದಿಂದ ಮುಂಬೈಯ ಗೋರೆಗಾಂವ್‌ಗೆ ಬಂದಾಗ ಇದೇ ಜಾಗದಲ್ಲಿ ಲಿಫ್ಟ್ ಇಲ್ಲದ ಹಳೆಯ ಬಿಲ್ಡಿಂಗ್ ಇತ್ತು. ನಾವು ಎರಡನೆಯ ಮಹಡಿ, ಚಿಕ್ಕಮ್ಮನಂತೆ ನಾನು ಕಾಕು ಎನ್ನುತ್ತಿದ್ದ ಹಿರಿಯಾಕೆ ನಾಲ್ಕನೆಯದು. ವಿಜಯಪುರದವರು. ಇಡೀ ಬಿಲ್ಡಿಂಗಿನಲ್ಲಿ ನನ್ನ ಜೊತೆ ಕನ್ನಡದಲ್ಲಿ ಜಗಳವಾಡಬಲ್ಲ ಹೆಂಗಸು ಅವರೊಬ್ಬರೇ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವರ ಪಾಲಿಗೆ ಮೆಟ್ಟಿಲುಗಳು ಮುಗಿದುಹೋಗಿದ್ದವು. ಬಾಲ್ಕನಿಯ ಕಬ್ಬಿಣದ ಗ್ರಿಲ್‌ಗೆ ಮುಖ ಆನಿಸಿ ಕೂತು, ಅಲ್ಲಿಂದಲೇ ವಾಚ್‌ಮನ್, ತರಕಾರಿಯವನು, ಗಂಡ, ನಾನು, ಎಲ್ಲರನ್ನೂ ಆಳುತ್ತಿದ್ದರು. "ಪಂಜರದಾಗಿನ ಗಿಳಿ ಅಲ್ಲವಾ ನಾ, ಹುಲಿ" ಎಂದು ನಗುತ್ತಿದ್ದರು. ನಾನು ಎದ್ದು ಹೊರಟರೆ ಮಾತ್ರ ಸೆರಗು ಹಿಡಿದು ಕೂಡಿಸುತ್ತಿದ್ದರು. ನನಗೂ ಹೋಗಲು ಬೇರೆ ಊರೇನಿತ್ತು! ಕೆಲಸ ಬಿಟ್ಟು ಬಂದವಳು, ಅತ್ತೆಯ ಅಡುಗೆಮನೆ ಬಿಟ್ಟರೆ ಕಾಕುವಿನ ಬಾಲ್ಕನಿ.

ಅವರನ್ನು ಸಾಕಿ ಬೆಳೆಸಿದ ಅಕ್ಕ ಬಾಂದ್ರಾದಲ್ಲಿ ಹಾಸಿಗೆ ಹಿಡಿದಿದ್ದರು. ಗೋರೆಗಾಂವ್‌ನಿಂದ ಬಾಂದ್ರಾ ಏನು ಮಹಾ ದೂರ? ಲೋಕಲ್‌ನಲ್ಲಿ ಕೂತರೆ ಒಂದು ತೂಕಡಿಕೆ. ಕಾಕುಗೆ ಅದು ಕಾಶಿಗಿಂತ ದೂರವಾಗಿತ್ತು. ಬಿಲ್ಡಿಂಗಿನ ಗಂಡಸರು ಕುರ್ಚಿಯಲ್ಲಿ ಎತ್ತಿ ಕೆಳಗೆ ಇಳಿಸಿದರೂ, ರಿಕ್ಷಾದಲ್ಲಿ ಕಾಲು ಮಡಚಲು ಆಗುತ್ತಿರಲಿಲ್ಲ. ಟ್ಯಾಕ್ಸಿಯವರು, ಇವರು ಒಂದು ಕಾಲು ಒಳಗಿಡುವಷ್ಟರಲ್ಲಿ ಗೊಣಗಲು ಶುರುಮಾಡುತ್ತಿದ್ದರು. ಉಳಿದದ್ದು ಅವರ ಗಂಡ, ಕಾಕಾನ ಹಳೆಯ ಬಿಳಿ ಕಾರು. ಅದರ ಮುಂದಿನ ಸೀಟನ್ನು ಹೆಂಡತಿ ಕಾಲು ಚಾಚಿ ಒರಗುವಂತೆ ಅವರೇ ಮಾಡಿಸಿದ್ದರು. ಆದರೆ ಎಂಜಿನ್ ಸತ್ತುಹೋಗಿತ್ತು. ಕಾಕಾ ಹಟ ಹಿಡಿದು ಗುಜರಿಯಿಂದ ಅದೇ ಜಾತಿಯ ಇನ್ನೊಂದು ಎಂಜಿನ್ ತಂದು ಕೂಡಿಸಿದರು.

ಆ ದಿನ ಕಾಕು ಗಂಡನ ಕೈಯಲ್ಲಿ ಅರಿಸಿನ ಹಚ್ಚಿದ ದಾರವೊಂದನ್ನು ಗ್ಯಾರೇಜಿಗೆ ಕಳಿಸಿದ್ದರು. ಹೊಸದಾಗಿ ಬಂದ ಎಂಜಿನ್, ಅದಕ್ಕೆ ಕಂಕಣ ಬೇಡವೇ? "ಗಟ್ಟಿ ಕಟ್ಟ್ರಿ. ಅಕ್ಕನ್ನ ನೋಡಿ ಬಂದ ಮ್ಯಾಲೇ ಬಿಚ್ಚೂದು" ಎಂದು ದೇವರಿಗೆ ಹರಕೆಯನ್ನೂ ಹೊತ್ತರು.

ಕಾರು ಬಂತು. ಬಂದದ್ದು ಕಾರಲ್ಲ, ಕೂಗುಮಾರಿ! ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ ಮೆಲ್ಲಗೆ ಗುಣುಗುಟ್ಟುತ್ತ ನಿಲ್ಲಬೇಕು. ಇದು ಕಾಲು ತೆಗೆದ ಮೇಲೂ ಒಂದೇ ಸಮ ಚೀರುತ್ತಿತ್ತು. ಮೊದಲ ಸಲ ಹೊರಗೆ ತೆಗೆಯುವಾಗಲೇ ನುಗ್ಗಿಕೊಂಡು ಹೋಗಿ ಗೇಟಿಗೆ ಗುದ್ದಿತು, ವಾಚ್‌ಮನ್ ಹಾರಿ ಪಕ್ಕಕ್ಕೆ ಬಿದ್ದ. ಮೆಕ್ಯಾನಿಕ್ ಬಂದು ನೋಡಿ, "ನಯಾ ಜಗಾ ಹೈ, ಸೆಟ್ ಹೋ ಜಾಯೇಗಾ" ಹೊಸ ಜಾಗ, ಒಗ್ಗಿಕೊಳ್ಳುತ್ತದೆ ಎಂದು ಕೈ ಒರೆಸಿಕೊಂಡು ಹೋದ. ಹೊಸ ಸೊಸೆ ಬಗ್ಗೆ ಹೇಳಿದ ಹಾಗೆ.

ಅಂದಿನಿಂದ ನಮ್ಮ ಮಧ್ಯಾಹ್ನಗಳು ಆ ಬಾನೆಟ್ಟಿನ ಕೆಳಗೆ ಕಳೆದವು. ಅತ್ತೆ ಮಲಗಿದ ಮೇಲೆ ನಾನು ಹೋಗಿ ಡ್ರೈವರ್ ಸೀಟಿನಲ್ಲಿ ಕೂತು ಚಾವಿ ತಿರುಗಿಸುವುದು, ಕಾಕಾ ಬಗ್ಗಿ ಕಿವಿ ಕೊಡುವುದು. ಕಾಲು ತೆಗೆದಾಗಿನ ವೇಗವನ್ನು ಹಿಡಿದಿಡುವ ಐಡಲ್ ಸ್ಕ್ರೂ ಪೂರ್ತಿ ಸಡಿಲ ಮಾಡಿದರು. ಎಂಜಿನ್ ಕ್ಯಾರೇ ಅನ್ನಲಿಲ್ಲ. "ಎಲ್ಲೋ ಗಾಳಿ ಕಳುವಿಲೆ ಒಳಗ ಹೊಂಟದವಾ" ಎಂದು ರಬ್ಬರ್ ಪೈಪುಗಳನ್ನು ಒಂದೊಂದಾಗಿ ಇಕ್ಕಳದಿಂದ ಹಿಸುಕಿ ನೋಡಿದರು. ಪೈಪು ಕೂಡುವ ಸಂದುಗಳ ಮೇಲೆಲ್ಲ ಸಾಬೂನು ನೀರು ಚಿಮುಕಿಸಿ, ಸದ್ದು ಬದಲಾಗುತ್ತದೇನೋ ಎಂದು ಉಸಿರು ಬಿಗಿಹಿಡಿದರು. ಇಲ್ಲ. ಮೇಲಿನಿಂದ ಕಾಕು ಗಳಿಗೆಗೊಮ್ಮೆ, "ಸಿಕ್ತೇನ್ರಿ?" ಕಾಕಾ ಮತ್ತೊಂದು ಪೈಪಿಗೆ ಇಕ್ಕಳ ಹಚ್ಚುತ್ತಿದ್ದರು. ಅಷ್ಟರಲ್ಲಿ ಬಾಂದ್ರಾದಿಂದ ಫೋನ್ ಬಂತು. ಅಕ್ಕ ಅನ್ನ ಬಿಟ್ಟಿದ್ದರು. ಆ ದಿನ ತಲೆ ಎತ್ತಿ ನೋಡಿದರೆ ಗ್ರಿಲ್ ಹಿಡಿದ ಎರಡು ಕೈ ಮಾತ್ರ ಕಾಣುತ್ತಿದ್ದವು.

ಕೊನೆಗೆ ಕಾಕಾ ಎಂಜಿನ್ ಮೇಲೆ ಕೂತಿದ್ದ ದುಂಡನೆಯ ಏರ್ ಫಿಲ್ಟರ್ ಡಬ್ಬಿಯನ್ನೇ ಕಳಚಿದರು. ಅದರ ಕೆಳಗೆ, ಕಾಲು ಒತ್ತಿದಾಗ ತಿರುಗುವ ಪುಟ್ಟ ಕಬ್ಬಿಣದ ತುಂಡಿಗೂ ಪಕ್ಕದ ಪೈಪಿಗೂ ಸೇರಿಸಿ ಸುತ್ತಿದ್ದ ದಾರ. ಅರಿಸಿನ ಹೋಗಿ ಕಪ್ಪಾಗಿತ್ತು. ಕಾಲು ತೆಗೆದಾಗ ಆ ತುಂಡು ಹಿಂದಕ್ಕೆ ಬರಬೇಕು, ಕಂಕಣ ಬರಗೊಡುತ್ತಿರಲಿಲ್ಲ! ಗ್ಯಾರೇಜಿನಲ್ಲಿ ಡಬ್ಬಿ ಕೂಡಿಸುವ ಮೊದಲು, ಮೆಕ್ಯಾನಿಕ್ ಚಹಾಕ್ಕೆ ಹೋದಾಗ, ಕೈಗೆ ಸಿಕ್ಕ ಕಡೆ ಕಾಕಾ ತಾವೇ ಕಟ್ಟಿ ಮರೆತುಬಿಟ್ಟಿದ್ದರು.

"ಗಟ್ಟಿ ಕಟ್ಟ್ರಿ ಅಂದಿದ್ಲಲ್ಲ…" ಎನ್ನುತ್ತ ಕಿಸೆಯಿಂದ ಚಾಕು ತೆಗೆದರು. ಮೇಲಿನಿಂದ ಸಿಡಿಲು ಬಡಿಯಿತು. "ಚಾಕು ಹಚ್ಚೀರಿ ಅಂದ್ರ ನೋಡ್ರಿ! ಇನ್ನೂ ಅಕ್ಕನ್ನ ನೋಡಿಲ್ಲ!" ನೋಡಿ ಬರದೆ ದಾರ ಬಿಚ್ಚುವಂತಿಲ್ಲ, ದಾರ ಬಿಚ್ಚದೆ ನೋಡಲು ಹೋಗುವಂತಿಲ್ಲ. ನನಗೆ ಇಬ್ಬರ ಮೇಲೂ ಕೆಟ್ಟ ಸಿಟ್ಟು ಬಂತು. ಕಾಕಾ ಚಾಕು ಹಿಡಿದು ನಿಂತೇ ಇದ್ದರು. ಕತ್ತರಿಸಲಿಲ್ಲ, ಒಳಗೂ ಇಡಲಿಲ್ಲ.

ಸ್ವಲ್ಪ ಹೊತ್ತಿಗೆ ಮೇಲೆ ಬಾಗಿಲು ತೆರೆದ ಸದ್ದಾಯಿತು. ಓಡಿಹೋದೆ. ಕಾಕು ಸೀರೆ ಎತ್ತಿ ಕಟ್ಟಿ, ಮೆಟ್ಟಿಲ ಮೇಲೆ ಕೂತಿದ್ದರು. ಕೂತೇ ಒಂದು ಮೆಟ್ಟಿಲು ಜಾರಿದರು. ಮತ್ತೊಂದು. ಅವರನ್ನು ಕುರ್ಚಿಯಲ್ಲಿ ಎತ್ತಿ ಇಳಿಸಬೇಕಿದ್ದ ಗಂಡಸರೆಲ್ಲ ಆಫೀಸಿನಲ್ಲಿದ್ದರು. "ಸಂಜೀ ತನಕ ತಡೀರಿ ಕಾಕು" ಎಂದು ಕೈಮುಗಿದೆ. "ಅಕ್ಕ ತಡೀತಾಳೇನು? ಕಟ್ಟಿಸಿದಾಕಿ ನಾ. ನಾನೇ ತಗೀತೀನಿ. ಸರಿ ಅತ್ಲಾಗ" ಎಂದರು. ನಾನು ಮುಂದೆ ಕೂತು ಅವರ ಕಾಲನ್ನು ಒಂದೊಂದೇ ಮೆಟ್ಟಿಲಿಗೆ ಇಳಿಸುತ್ತ ಬಂದೆ. ತುಟಿ ಕಚ್ಚಿ ಕಚ್ಚಿ ರಕ್ತ ಬಂದಿತ್ತು. ಅಷ್ಟು ನೋವನ್ನು ನಾನು ಅಷ್ಟು ಹತ್ತಿರದಿಂದ ಅದಕ್ಕೂ ಮೊದಲು ನೋಡಿರಲಿಲ್ಲ.

ಬಾನೆಟ್ಟಿಗೆ ಒರಗಿ ನಿಂತು, ದಾರವನ್ನು ಬೆರಳಲ್ಲಿ ತಡವಿ ನೋಡಿದರು. "ಗಾಡಿ ಬಂದ್ ಇರಲಿ. ಕಾಲು ಒತ್ತವಾ" ಎಂದರು. ಒತ್ತಿದೆ. ಕಬ್ಬಿಣದ ತುಂಡು ಪೈಪಿನ ಕಡೆಗೆ ಸರಿಯಿತು, ದಾರ ಸಡಿಲಾಯಿತು. ಗಂಟು ಮುಟ್ಟದೆ ಇಡೀ ಸುತ್ತನ್ನು ಮೇಲಕ್ಕೆ ಜಾರಿಸಿ ತೆಗೆದು ತಮ್ಮ ಕೈಗೆ ಹಾಕಿಕೊಂಡರು. "ಬಿಚ್ಚಿಲ್ಲ. ಜಾಗಾ ಬದಲಿ ಆಗೇದ. ಮುಂಬೈದಾಗ ಎಲ್ಲಾರೂ ಮನೀ ಬದಲಿ ಮಾಡತಾರ, ದೇವರಿಗೆ ಗೊತ್ತಾಗಂಗಿಲ್ಲೇನು?"

ಚಾವಿ ತಿರುಗಿಸಿದೆ. ಕಾಕಾ ಸ್ಕ್ರೂ ಒಂದಿಷ್ಟು ಬಿಗಿ ಮಾಡಿದರು. ಎಂಜಿನ್ ಮೆಲ್ಲಗೆ ಗುಣುಗುಟ್ಟಿತು. ಇಷ್ಟು ದಿನ ಕಿರುಚಾಟದಲ್ಲಿ ಕೇಳಿಸದಿದ್ದ ಕಾಗೆಗಳ ಕೂಗು ಕೂಡ ಕೇಳಿಸತೊಡಗಿತು.

ಉಟ್ಟ ಸೀರೆಯಲ್ಲೇ ಹೊರಟೆವು. ಬಾಂದ್ರಾದಲ್ಲಿ ಅಕ್ಕನಿಗೆ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ತಂಗಿಯ ಕೈಯ ಕಪ್ಪು ದಾರವನ್ನು ಹೆಬ್ಬೆರಳಿನಿಂದ ಸವರುತ್ತಲೇ ಇದ್ದರು. ಹೊರಡುವಾಗ, "ಮತ್ತ ಯಾವಾಗ ಬರತೀ?" ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. "ಬರತೀನಿ" ಎಂದರು ಕಾಕು.

ಸಂಜೆ ನಾಲ್ವರು ಗಂಡಸರು ಅವರನ್ನು ಕುರ್ಚಿಯಲ್ಲಿ ಹೊತ್ತು ಮೇಲೆ ಒಯ್ದರು. "ಹರಕೆ ಮುಗೀತಲ್ಲ, ಇನ್ನಾದರೂ ಬಿಚ್ಚಿರಿ" ಎಂದೆ. "ಬರತೀನಿ ಅಂತ ಮಾತು ಕೊಟ್ಟು ಬಂದೀನಿ. ಎಲ್ಲಿ ಮುಗೀತು?" ಎಂದು ಕೈ ಸೆರಗಿನೊಳಗೆ ಎಳೆದುಕೊಂಡರು. ಅಂದು ಇಳಿದದ್ದಕ್ಕೆ ಸೊಂಟ ಮತ್ತೆ ಕೆಟ್ಟಿತು, ಡಾಕ್ಟರು ಮೆಟ್ಟಿಲು ಮುಟ್ಟಲೇಬಾರದೆಂದರು. ಆ ಮಳೆಗಾಲದಲ್ಲಿ ಅಕ್ಕ ಹೋದ ಸುದ್ದಿಯನ್ನು ಕಾಕು ಗ್ರಿಲ್ ಹಿಡಿದುಕೊಂಡೇ ಕೇಳಿದರು. ಆ ಮೇಲೆ ಅವರು ಕೆಳಗೆ ಇಳಿದದ್ದು ಒಂದೇ ಸಲ, ನಾಲ್ವರ ಹೆಗಲ ಮೇಲೆ.

ಮೈ ತೊಳೆಯುವಾಗ ಕೈಯಲ್ಲಿ ಆ ದಾರ ಇತ್ತು. ಯಾರೋ ಕತ್ತರಿ ತಂದರು. ಬಾಗಿಲ ಬಳಿ ನಿಂತಿದ್ದ ಕಾಕಾ, "ಕತ್ತರಿ ಬ್ಯಾಡ್ರಿ" ಎಂದರು. ನನ್ನ ಕಡೆ ತಿರುಗಿ, "ಕೈಲೇ ಬಿಚ್ಚವಾ. ಸಾಕಿನ್ನ… ಅಕೀಗೆ ಹೇಳು, ಸಾಕು" ಎಂದರು. ಉಗುರು ಹಚ್ಚಿದೆ, ಹಲ್ಲೂ ಹಚ್ಚಿದೆ. ಎಣ್ಣೆ ಜಿಡ್ಡು ಕುಡಿದ ಗಂಟು ಕದಲಲಿಲ್ಲ. ಹಾಗೆಯೇ ಕಳಿಸಿಕೊಟ್ಟೆವು.

ಪಕ್ಕದ ಮನೆಯಾಕೆಗೆ ಇದಾವುದನ್ನೂ ನಾನು ಹೇಳಲಿಲ್ಲ. ದಾರವನ್ನು ಸ್ಟೇರಿಂಗಿಗೆ ಕಟ್ಟಿಸಿ, ಪ್ರಸಾದ ತಿಂದು, ಲಿಫ್ಟ್ ಹತ್ತಿದೆ. ಹಳೆಯ ಬಿಲ್ಡಿಂಗ್ ಕೆಡವಿ ಟವರ್ ಕಟ್ಟಿದ ಮೇಲೆ ನಮ್ಮ ಮನೆ ಹನ್ನೊಂದನೆಯ ಮಹಡಿಯಲ್ಲಿದೆ. ನಾಲ್ಕು ಎಂಬ ಅಂಕಿ ಕೆಂಪಗೆ ಬೆಳಗಿ, ನಾನು ಸರಿಯಾಗಿ ನೋಡುವ ಮೊದಲೇ ಹೊರಟುಹೋಯಿತು. ಕಾಕು, ಒಮ್ಮೆ, ಒಂದೇ ಒಮ್ಮೆ ನಿಮ್ಮನ್ನು ಇದರಲ್ಲಿ ಕೆಳಗೆ ಕರೆದುಕೊಂಡು ಹೋಗಬೇಕಿತ್ತು…